ನನ್ನ ಕೋಲು, ಅವಳ ಕಂಡಿ

ಲಾಕ್‌ಡೌನ್ ಬಂದಾಗ ಭೂಮಿಯ ದಕ್ಷಿಣ ಅಂಚಿನಲ್ಲಿರುವ ನಮ್ಮ ಡನೀಡನ್ ಎಂಬ ಕಡಲ ದಡದ ಊರಿನಲ್ಲಿ ಕಾನೂನನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದ ಏಕಮೇವ ಪುರುಷ ನಾನು. ಅದಕ್ಕೆ ನನಗೊಂದು ಪದಕ ಸಿಗಬೇಕಿತ್ತು. ಸಿಕ್ಕಿತು ಕೂಡ. ಹೇಗೆ ಸಿಕ್ಕಿತು ಅಂತ ಹೇಳುತ್ತೇನೆ, ಆದರೆ ನೀವು ನಗಬಾರದು.

ಮನುಷ್ಯ ಮನುಷ್ಯರ ನಡುವೆ ಎರಡು ಮೀಟರ್ ದೂರ ಇರಬೇಕು ಅಂತ ಆಜ್ಞೆಯಾದ ದಿನವೇ ನಾನು ಹಳೆಯ ಪರದೆಯ ಮರದ ಕೋಲನ್ನು ಸರಿಯಾಗಿ ಎರಡು ಮೀಟರಿಗೆ ಕೊಯ್ದೆ. ಗಾಳಿ ಸೇವನೆಗೆ ಹೊರಟರೆ ಅದನ್ನು ಮುಂದೆ ಚಾಚಿಕೊಂಡೇ ನಡೆಯುತ್ತಿದ್ದೆ. ಜನ ದೂರದಿಂದಲೇ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದರು. (ಗೌರವದಿಂದ ಅಂತ ನಾನು ತಿಳಿದಿದ್ದೆ. ಇವನಿಗೆ ತಲೆ ಕೆಟ್ಟಿದೆ ಅಂತ ಅವರು ತಿಳಿದಿದ್ದರಂತೆ. ಇದು ನನ್ನ ಹೆಂಡತಿ ಇಸೊಬೆಲ್ ಕೊಟ್ಟ ವರದಿ.)

ನಿಜವಾದ ಅಪಾಯ ಇದ್ದದ್ದು ಹಿತ್ತಲ ಬೇಲಿಯಲ್ಲಿ. ಬೇಲಿಯ ಆಚೆ, ನಮಗೆ ಬೆನ್ನು ಹಾಕಿ ಮೇಲಿನ ಓಣಿಗೆ ಮುಖ ಮಾಡಿಕೊಂಡಿರುವುದು ರಿಪೆಕಾಳ ಮನೆ. ಬೇಲಿಯ ನಡುವೆ ಒಂದು ದೊಡ್ಡ ಕಂಡಿ. ಎಂದೋ ಅಲ್ಲೊಂದು ಗೇಟಿತ್ತು, ಗಾಳಿಗೆ ಹೋಯಿತು. ಆ ಕಂಡಿಯಿಂದ ಇಸೊಬೆಲಳ ಚೀಸ್ ರೋಲ್ ಆಚೆ ಹೋಗುತ್ತಿತ್ತು, ರಿಪೆಕಾಳ ಪ್ಲಮ್ ಜಾಮ್ ಈಚೆ ಬರುತ್ತಿತ್ತು, ಊರ ಸುದ್ದಿಯೆಲ್ಲ ಎರಡೂ ಕಡೆಗೆ ಹರಿಯುತ್ತಿತ್ತು. ಸುದ್ದಿ ಹರಿದಲ್ಲಿ ರೋಗ ಹರಿಯದೆ ಇರುತ್ತದೆಯೇ?

ಒಂದು ಬೆಳಿಗ್ಗೆ ರಿಪೆಕಾ ಕಂಡಿಯಲ್ಲಿ ತಲೆ ಹಾಕಿದಳು.

"ಮರ್ಡೋ, ಒಂದು ವಿಷ್ಯ ಹೇಳ್ಬೇಕಿತ್ತು. ನಮ್ಮ ಹಿತ್ತಲಲ್ಲಿ..."

"ಹಿಂದೆ! ಹಿಂದೆ ಸರಿ!" ಅಂತ ಕೋಲು ಚಾಚಿದೆ.

"ಅಯ್ಯೋ, ಕೇಳೋ ಮಾರಾಯ, ತುಂಬಾ ಮುಖ್ಯವಾದ್ದು."

"ಎಲ್ಲಕ್ಕಿಂತ ಮುಖ್ಯ ಪ್ರಾಣ! ಏನಿದ್ರೂ ಫೋನ್ ಮಾಡು."

"ಮಾಡಿದ್ನಲ್ಲ! ನೀನೇ 'ಎರಡು ಮೀಟರ್' ಅಂತ ಕೂಗಿ ಇಟ್ಟುಬಿಟ್ಟೆ!"

(ಹೌದು, ಇಟ್ಟಿದ್ದೆ. ಅಭ್ಯಾಸಬಲ.)

ಅವಳು ಹೋದದ್ದೇ ತಡ, ಹಲಗೆಗಳನ್ನು ತಂದು ಕಂಡಿಗೆ ಅಡ್ಡಡ್ಡ ಹೊಡೆದೆ. ಇಸೊಬೆಲ್ ಅಡುಗೆಮನೆ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಮುಂಬಾಗಿಲು ಸರಿಮಾಡೋಕೆ ನಿನಗೆ ಇಷ್ಟು ವರ್ಷ ಪುರುಸೊತ್ತು ಸಿಗ್ಲಿಲ್ಲ. ಇದಕ್ಕೆ ಸಿಕ್ತಾ?"

(ನಾನು ಬಣ್ಣ ಬಳಿದ ದಿನದಿಂದ ಮುಂಬಾಗಿಲು ಚೌಕಟ್ಟಿಗೆ ಅಂಟಿಕೊಂಡುಬಿಟ್ಟಿದೆ. ನಮ್ಮ ಓಡಾಟವೆಲ್ಲ ಹಿತ್ತಲಿನ ಅಡುಗೆಮನೆ ಬಾಗಿಲಿನಿಂದಲೇ.)

"ಇದು ಜೀವರಕ್ಷಣೆಯ ಕಾರ್ಯ," ಎಂದೆ.

"ನನಗೆ ಮಾತಾಡೋಕೆ ಅಂತ ಇದ್ದವಳು ಅವಳೊಬ್ಬಳು, ಮರ್ಡೋ."

ಅವಳ ದನಿ ಸಣ್ಣಗಾಯಿತು. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಸಣ್ಣ ದನಿ ಕೇಳಿ ಕೋಲು ಹಿಡಿದು ಹೊರಟುಬಿಟ್ಟೆ.

ವಾಪಸು ಬರುವಾಗ ದಕ್ಷಿಣ ಧ್ರುವದ ಕಡೆಯಿಂದ ಬೀಸುವ ಚಳಿಗಾಳಿ ಮೂಳೆ ಕೊರೆಯುತ್ತಿತ್ತು. ಚೀಸ್ ರೋಲ್ ಬೇಯುವ ವಾಸನೆ ರಸ್ತೆಗೇ ಬಂದಿತ್ತು. ಹಸಿವಿನಿಂದ ಮನೆಯ ಪಕ್ಕದ ದಾರಿಯಲ್ಲಿ ತಿರುಗಿದೆ. ಅಡುಗೆಮನೆ ಬಾಗಿಲಿಗೂ ಬೇಲಿಗೂ ನಡುವೆ ಯಾರೋ ದೋಣಿ ಬೋರಲು ಹಾಕಿ ಹೋದಂತಿತ್ತು. ಆ ದೋಣಿ ತಲೆ ಎತ್ತಿತು.

ಕಡಲಸಿಂಹ! ಮೈತುಂಬ ನೀರು, ಮರಳು. ಬೊಗಸೆಯಷ್ಟಗಲ ಕಣ್ಣು. ಅದು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ನಾನು ಹೊಡೆದ ಹಲಗೆಗೆ ಮೂತಿ ಇಟ್ಟು ಕೂಗಿತು. ಆ ಕೂಗು ನನ್ನ ಎದೆಗೂಡಿನಲ್ಲಿ ನಡುಗಿತು. ಹೆದರಿದೆ ಅಂತಲೂ ಹೇಳಲಾರೆ. ದೇವರೇ, ಇಂಥದ್ದೊಂದು ಜೀವ ನನ್ನ ಹಿತ್ತಲಿಗೆ ಬಂದಿದೆಯಲ್ಲ ಅನ್ನಿಸಿತು.

ಇಸೊಬೆಲ್ ಕಿಟಕಿ ತೆರೆದಳು. "ಅಲ್ಲೇ ನಿಲ್ಲು! ಕಡಲಸಿಂಹದಿಂದ ಇಪ್ಪತ್ತು ಮೀಟರ್! ಬೀಚಿನ ಬೋರ್ಡು ನನಗೆ ಓದಿ ಹೇಳಿದವನು ನೀನೇ ಅಲ್ವಾ?"

"ಇದು ನನ್ನ ಮನೆ ಕಣೇ!"

"ಹತ್ತು ಕೋಲು, ಮರ್ಡೋ. ಅಳೆದು ನೋಡು."

ಅಳೆದೆ. ಹತ್ತನೆಯ ಕೋಲಿಗೆ ನಾನು ರಸ್ತೆಯಲ್ಲಿದ್ದೆ.

ಆಗ ಬೇಲಿಯಾಚೆಯಿಂದ ಕುರಿಮರಿಯದೇ ಅನ್ನಿಸುವಂಥ ಸಣ್ಣ ಕೂಗೊಂದು ಬಂತು. ಕಡಲಸಿಂಹ ಹುಚ್ಚು ಹಿಡಿದಂತೆ ಹಲಗೆಗೆ ಎದೆ ಕೊಟ್ಟು ಗುದ್ದಿತು. ಬೇಲಿಯ ಮೇಲೆ ರಿಪೆಕಾಳ ತಲೆ ಕಾಣಿಸಿತು.

"ಬೆಳಿಗ್ಗೆ ಇದನ್ನೇ ಹೇಳೋಕೆ ಬಂದಿದ್ದು, ಪುಣ್ಯಾತ್ಮ!" ಅಂತ ಕೂಗಿದಳು. "ಮರಿ ನನ್ನ ಹಿತ್ತಲಲ್ಲಿದೆ. ತಾಯಿ ಮೀನಿಗೆ ಹೋಗಿ ಈಗ ಬಂದಿದಾಳೆ. ಹಾಲಿಲ್ದೆ ಮರಿ ಒದ್ದಾಡ್ತಿದೆ. ಹೊಡೆದವನು ನೀನು, ಕೀಳೋನೂ ನೀನೇ. ಓಡಿ ಬಾ!"

ಮೇಲಿನ ಓಣಿ ಸುತ್ತಿ ಓಡಿದೆ. ರಿಪೆಕಾ ಹಾರೆಯನ್ನು ನೆಲದ ಮೇಲಿಟ್ಟು, ಸರಿಯಾಗಿ ಎರಡು ಮೀಟರ್ ಹಿಂದೆ ಸರಿದು, ಕೈಕಟ್ಟಿ ನಿಂತಳು. ಕೋಲು ಬಿಸಾಡಿ ಹಾರೆ ಹಾಕಿ ಮೀಟಿದೆ. ನನ್ನ ಮೊಳೆಗಳು ನನ್ನಷ್ಟೇ ಹಟಮಾರಿಗಳು. ಹಲಗೆಯ ಸಂದಿಯಿಂದ ಅದರ ಉಸಿರು, ಬಿಸಿಬಿಸಿ, ಮೀನು ನಾತದ್ದು, ನನ್ನ ಕೈಮೇಲೆ ಬೀಳುತ್ತಿತ್ತು. ಇಪ್ಪತ್ತು ಮೀಟರ್ ಎಲ್ಲಿಗೆ ಬಂತು!

ಕೊನೆಯ ಹಲಗೆ ಬಿತ್ತು. ನಾನು ಬೇಲಿಗೆ ಬೆನ್ನು ಹಚ್ಚಿ ನಿಂತೆ. ತಾಯಿ ನನ್ನ ಪ್ಯಾಂಟಿಗೆ ಮೈ ಒರೆಸಿಕೊಂಡೇ ದಾಟಿದಳು, ಕತ್ತು ತಿರುಗಿಸಿಯೂ ನೋಡಲಿಲ್ಲ. ಪೊದೆಯೊಳಗಿಂದ ಮರಿ ಎದ್ದು ಬಿದ್ದು ಓಡಿಬಂತು. ಎರಡೂ ಮೂತಿಗೆ ಮೂತಿ ತಾಗಿಸಿದವು. ಮರಿ ಹಾಲಿಗೆ ಬಾಯಿ ಹಾಕಿತು.

"ಒಂದು ಕಾಲಕ್ಕೆ ಈ ದಡವೆಲ್ಲ ಅವರದ್ದೇ," ಎಂದಳು ರಿಪೆಕಾ ಮೆಲ್ಲಗೆ. "ಮೊದಲಿಂದ ಇಲ್ಲಿದ್ದ ನಮ್ಮೋರು, ಆಮೇಲೆ ಹಡಗಲ್ಲಿ ಬಂದ ನಿಮ್ಮೋರು ಸೇರಿ ಬೇಟೆಯಾಡಿ ಮುಗಿಸಿಬಿಟ್ವಿ. ಈಗ ತಾವಾಗೇ ಬಂದಿದಾವೆ ನೋಡು."

ನನ್ನ ಕಣ್ಣು ತುಂಬಿತು. ಕಂಡಿಯ ಆಚೆ ಇಸೊಬೆಲ್ ಹೊರಗೆ ಬಂದು ಬಾಯಿಮೇಲೆ ಕೈಯಿಟ್ಟು ನಿಂತಿದ್ದಳು. ಮೂವರೂ ನೋಡುತ್ತಲೇ ಇದ್ದೆವು. ನಮ್ಮ ನಡುವಿನ ದೂರವನ್ನು ಯಾರೂ ಅಳೆಯಲಿಲ್ಲ. ಅಳೆಯುವಂತೆಯೂ ಇರಲಿಲ್ಲ, ಹಾಲು ಕುಡಿದು ಮುಗಿಸಿದ ಮರಿ ನನ್ನ ಕೋಲನ್ನು ಕಚ್ಚಿಕೊಂಡು ಪೊದೆಯೊಳಗೆ ಹೋಗಿತ್ತು.

ಕಂಡಿ ಈಗಲೂ ತೆರೆದೇ ಇದೆ. ಲಾಕ್‌ಡೌನ್ ಮುಗಿಯುವವರೆಗೂ ನಾನು ಗಾಳಿ ಸೇವನೆಗೆ ಹೋದ ಹೊತ್ತು ನೋಡಿಯೇ ತಾಯಿ ಮಗು ಆ ಕಂಡಿಯಿಂದ ಈಚೆ ಬಂದು, ನಮ್ಮ ಅಡುಗೆಮನೆ ಮೆಟ್ಟಿಲ ಬಳಿ ಮಲಗಿಬಿಡುತ್ತಿದ್ದವು. ಮನೆಯೊಳಗಿದ್ದವರಿಗೆ ಇಪ್ಪತ್ತು ಮೀಟರ್ ಲೆಕ್ಕವಿಲ್ಲ, ಹೊರಗಿದ್ದವರಿಗೆ ಉಂಟು ಅಂತ ಇಸೊಬೆಲ್ ತೀರ್ಪು ಕೊಟ್ಟಿದ್ದಳು. ನಾನು ರಸ್ತೆಯಲ್ಲಿ ನಿಂತು ಆ ಎರಡರ ಗೊರಕೆ ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಎಷ್ಟು ಹೊತ್ತು ಕೇಳಿದರೂ ಸಾಕೆನಿಸುತ್ತಿರಲಿಲ್ಲ.

ಪದಕ ಅಂದೆನಲ್ಲ, ಅದು ರಸ್ತೆಯ ಕಡೆಯ ಕಿಟಕಿಯಿಂದ ಬರುತ್ತಿತ್ತು. ಇಸೊಬೆಲ್ ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯಿಂದ ಪೊರಕೆಯ ಉದ್ದನೆಯ ಹಿಡಿಯನ್ನು ಹೊರಗೆ ಚಾಚುತ್ತಿದ್ದಳು. ಅದರ ತುದಿಗೆ ಬಟ್ಟೆಯಲ್ಲಿ ಕಟ್ಟಿದ ಒಂದೇ ಒಂದು ಚೀಸ್ ರೋಲ್. ನಾನು ಆಸೆಯಿಂದ ಒಂದು ಹೆಜ್ಜೆ ಮುಂದಿಟ್ಟರೆ ಸಾಕು.

"ಹಿಂದೆ! ಹಿಂದೆ ಸರಿ!" ಅನ್ನುತ್ತಿದ್ದಳು. ಫೋನಿನೊಳಗಿಂದ ರಿಪೆಕಾ ನಗುವುದು ರಸ್ತೆಗೇ ಕೇಳಿಸುತ್ತಿತ್ತು.