ನಾಲ್ಕು ದಿನದ ಮೆಕ್ಸಿಕೋ ಮತ್ತು ನನ್ನ ಎದೆಬಡಿತ

ಹೆದರುವುದಕ್ಕೆ ಧೈರ್ಯ ಬೇಡ, ಕಲ್ಪನೆ ಬೇಕು. ಆ ಕಲ್ಪನೆ ನನ್ನಲ್ಲಿ ಧಾರಾಳವಾಗಿದೆ. ಲಿಫ್ಟಿನ ಬಾಗಿಲು ಮುಚ್ಚಿಕೊಂಡಾಗ ಬೇರೆಯವರು ಕನ್ನಡಿ ನೋಡಿಕೊಂಡು ತಲೆ ಸರಿಮಾಡಿಕೊಳ್ಳುತ್ತಾರೆ. ನಾನು, ಇದನ್ನು ಹಿಡಿದುಕೊಂಡಿರುವ ಹಗ್ಗಕ್ಕೆ ಎಷ್ಟು ವಯಸ್ಸಾಗಿರಬಹುದು ಎಂದು ಲೆಕ್ಕ ಹಾಕುತ್ತೇನೆ. ಇದಕ್ಕೆ ನನ್ನ ಉದ್ಯೋಗವೂ ಸ್ವಲ್ಪ ಕಾರಣ. ದೋಹಾದ ಹಮದ್ ಬಂದರಿನ ಹತ್ತಿರ ಒಂದು ಶಿಪ್ಪಿಂಗ್ ಕಚೇರಿಯಲ್ಲಿ ಅಪಾಯಕಾರಿ ಸರಕಿನ ಕಾಗದಪತ್ರ ನೋಡುವವನು ನಾನು. ಯಾವ ಪೀಪಾಯಿಯ ಪಕ್ಕ ಯಾವ ಪೀಪಾಯಿ ಇಟ್ಟರೆ ಹೊತ್ತಿಕೊಳ್ಳುತ್ತದೆ ಎಂದು ಹದಿನಾರು ವರ್ಷ ಯೋಚಿಸಿದವನಿಗೆ, ಮನೆಯಲ್ಲಿ ಸೀಮೆಣ್ಣೆಯ ವಾಸನೆ ಬೇಡ, ಫಿನಾಯಿಲ್ ಬಾಟಲಿಯ ಪಕ್ಕ ಊದುಬತ್ತಿ ಪೊಟ್ಟಣ ಕಂಡರೂ ಸಾಕು, ಅಂಗೈ ಬೆವರುತ್ತದೆ.

ನನ್ನ ಹೆಂಡತಿ ಶಾಲಿನಿ ಮೈಸೂರಿನವಳು. ದೋಹಾದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಅವಳಿಗೆ ಕಲ್ಪನೆಯ ಕಾಟವಿಲ್ಲ. ಜಾರ್ಜಿಯಾಕ್ಕೆ ಹೋಗೋಣ ಎಂದಿದ್ದಳು, ಅಲ್ಲಿಯ ಬೆಟ್ಟದ ರಸ್ತೆಗಳ ವೀಡಿಯೊ ತೋರಿಸಿ ತಪ್ಪಿಸಿದೆ. ಜಾಂಜಿಬಾರ್ ಎಂದಳು, ಸೊಳ್ಳೆ ಎಂದೆ. ಪ್ರತಿಸಲವೂ ಅವಳು "ಹೋಗ್ಲಿ ಬಿಡಿ" ಎಂದು ಒಳಗೆ ಹೋಗಿ ಕುಕ್ಕರ್ ಇಡುತ್ತಿದ್ದಳು. ಆ "ಹೋಗ್ಲಿ ಬಿಡಿ" ಕೇಳಿದ ಮೇಲೆ ನನಗೆ ಚೆನ್ನಾಗಿ ಹಸಿವಾಗುತ್ತಿತ್ತು.

ಹೀಗಿರುವಾಗ ಒಂದು ಶುಕ್ರವಾರ ಬೆಳಿಗ್ಗೆ, ಅಲ್ ವಕ್ರಾದ ನಮ್ಮ ಫ್ಲ್ಯಾಟಿನಲ್ಲಿ ಎರಡನೆಯ ದೋಸೆ ಮುರಿಯುತ್ತಿದ್ದಾಗ ಅವಳು ನನ್ನ ಮುಂದೆ ಒಂದು ನೀಲಿ ನೋಟ್‌ಬುಕ್ ಇಟ್ಟಳು.

"ಮೆಕ್ಸಿಕೋ ಸಿಟಿ. ನಾಲ್ಕೇ ದಿನ. ನಮ್ಮ ಇಪ್ಪತ್ತೈದನೇ ವರ್ಷಕ್ಕೆ."

ಮುರಿದ ದೋಸೆಯ ತುಂಡನ್ನು ತಟ್ಟೆಗೆ ವಾಪಸಿಟ್ಟೆ. "ಅದು ಭೂಮಿಯ ಆ ಕಡೆ ಇದೆ ಕಣೇ."

"ಅದಕ್ಕೇ ವಿಮಾನ ಅಂತ ಇರೋದು. ಊಟ, ಕರಕುಶಲ, ಇತಿಹಾಸ, ಮೂರಕ್ಕೂ ಟೈಮ್ ಹಾಕಿದೀನಿ. ನಮ್ಮ ಆರ್ಟ್ ಟೀಚರ್ ಲೂಪೆ ಇಲ್ವಾ, ಅವಳದೇ ದೇಶ. ಎಲ್ಲಾ ಹೇಳಿಕೊಟ್ಟಿದ್ದಾಳೆ. ರಜದಲ್ಲಿ ಅವಳೂ ಅಲ್ಲೇ ಇರ್ತಾಳೆ."

ಅಂದು ಮಧ್ಯಾಹ್ನ ಅವಳು ಮಲಗಿದ್ದಾಗ ನಾನು ಫೋನ್ ಹಿಡಿದು ಕೂತೆ. ಆ ಊರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆ ನಗರವನ್ನು ಕಟ್ಟಿರುವುದು ಹಳೆಯ ಕೆರೆಯ ಮೇಲೆ, ಅದು ಮೆಲ್ಲಗೆ ಕುಸಿಯುತ್ತಿದೆ. ಕುಸಿಯದ ದಿನಗಳಲ್ಲಿ ನಡುಗುತ್ತದೆ. ಪಕ್ಕದಲ್ಲಿ ಜ್ವಾಲಾಮುಖಿಯೊಂದು ಸುಮ್ಮನಿರಲಾರದೆ ಹೊಗೆ ಬಿಡುತ್ತದೆ. ಅಲ್ಲಿ ಮಿಡತೆ ಹುರಿದು ತಿನ್ನುತ್ತಾರೆ. ಕರಕುಶಲ ಎಂದರೆ ಬಣ್ಣ ಬಳಿದ ತಲೆಬುರುಡೆ. ಇತಿಹಾಸದ ವಿಷಯ ಹೇಳುವುದೇ ಬೇಡ. ಹಿಂದಿನವರು ಮೆಟ್ಟಿಲುಗಳ ಗುಡಿಯ ನೆತ್ತಿಗೆ ಮನುಷ್ಯನನ್ನು ಹತ್ತಿಸಿ ಎದೆ ಸೀಳಿ ಗುಂಡಿಗೆಯನ್ನು ಸೂರ್ಯನಿಗೆ ಅರ್ಪಿಸುತ್ತಿದ್ದರಂತೆ. ಇದು ಯಾವತ್ತೋ ನಿಂತುಹೋಗಿದೆ ಎಂದು ಅಲ್ಲೇ ಬರೆದಿತ್ತು. ಆದರೂ ನಾನು ಎದೆ ಮುಟ್ಟಿ ನೋಡಿಕೊಂಡೆ.

"ಶಾಲೂ, ಆ ಊರು ಬಹಳ ಎತ್ತರದಲ್ಲಿದೆಯಂತೆ. ಉಸಿರು ಸಿಗಲ್ಲ."

"ಊಟಿಯಷ್ಟೇ ಎತ್ತರ ಕಣ್ರೀ."

"ಊಟಿಯಲ್ಲೂ ನನಗೆ ತಲೆ ಸುತ್ತಿತ್ತು."

"ಅದು ಬಸ್ಸಲ್ಲಿ, ನಾಲ್ಕು ಮಸಾಲೆವಡೆ ತಿಂದಿದ್ದಕ್ಕೆ."

ನನ್ನ ಪಕ್ಕದ ಮೇಜಿನ ಹರೀಶಣ್ಣ ಮಂಗಳೂರಿನವರು. ಲೋಕಾನುಭವದಲ್ಲಿ ನನಗೆ ಗುರುಸಮಾನ. ಭಾನುವಾರ ಅವರ ಬಳಿ ಕಷ್ಟ ತೋಡಿಕೊಂಡೆ.

"ಎಂತ ಮಾರಾಯ್ರೆ, ಇಷ್ಟಕ್ಕೆಲ್ಲ ಹೆದರುವುದಾ?" ಎಂದರು. "ಬೇಡ ಅಂತ ಮಾತ್ರ ಹೇಳ್ಬೇಡಿ, ಜಗಳ ಆಗ್ತದೆ. ಅದೇ ಮೂರು ಐಟಂ ಇಲ್ಲೇ ತೋರಿಸಿ. ಊಟ, ಮಡಕೆ, ಹಳೇ ಗೋಡೆ, ಎಲ್ಲ ಸೂಕ್ ವಾಕಿಫ್‌ನಲ್ಲಿ ಉಂಟು. ಒಂದು ಸಂಜೆ ಸುತ್ತಿಸಿದ್ರೆ ಖಲಾಸ್."

ಹಾಗೆಯೇ ಮಾಡಿದೆ. ಸೂಕ್ ಎಂಬ ಆ ಹಳೆಯ ಪೇಟೆಯ ಮಣ್ಣಿನ ಗೋಡೆಗಳ ನಡುವೆ ಅವಳನ್ನು ನಡೆಸಿದೆ. ಮಡಕೆ ತೋರಿಸಿದೆ, ಬುಟ್ಟಿ ತೋರಿಸಿದೆ, ಕಬಾಬಿನಂಗಡಿಯಲ್ಲಿ ಕೂರಿಸಿ ಸಸ್ಯಾಹಾರಿಗಳಿಗೆ ಸಿಗುವ, ಕಡಲೆಕಾಳು ಅರೆದ ಹಮ್ಮಸ್ ತಿನ್ನಿಸಿದೆ. ಪಕ್ಷಿಗಳ ಅಂಗಡಿಯ ಮುಂದೆ ಅವಳು ನಿಂತಳು. ಪಂಜರದೊಳಗೆ ಹಸಿರು ಗಿಣಿಯೊಂದು ಒಂದೇ ಕಡ್ಡಿಯ ಮೇಲೆ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿತ್ತು.

"ಇಲ್ಲಿಗೆ ಎಷ್ಟು ಸಲ ಬಂದಿದೀವಿ ರೀ?" ಎಂದು ಕೇಳಿದಳು.

"ಲೆಕ್ಕ ಇಟ್ಟಿಲ್ಲ."

ಅವಳು "ಹೋಗ್ಲಿ ಬಿಡಿ" ಎನ್ನಲಿಲ್ಲ. ಮನೆಗೆ ಬರುವವರೆಗೂ ಏನನ್ನೂ ಹೇಳಲಿಲ್ಲ. ಜ್ವಾಲಾಮುಖಿಯಾದರೂ ಹೊಗೆ ಬಿಟ್ಟು ಸುಳಿವು ಕೊಡುತ್ತದೆ. ಇವಳ ಮೌನಕ್ಕೆ ಹೊಗೆಯೂ ಇರಲಿಲ್ಲ. 

ಮುಂದಿನ ಶನಿವಾರ ಲೂಪೆಯ ಮನೆಗೆ ಊಟಕ್ಕೆ ಕರೆದುಕೊಂಡು ಹೋದಳು. ಪರೀಕ್ಷೆಗೆ ಮುಂಚಿನ ಟೆಸ್ಟು ಎಂದಳು. ಲೂಪೆ ಎಂದರೆ ನಮ್ಮ ವಯಸ್ಸಿನ, ದುಂಡುಮುಖದ, ಜೋರಾಗಿ ನಗುವ ಹೆಂಗಸು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ಅಂಗೈಯಲ್ಲಿ ತಟ್ಟಿ ಹೆಂಚಿನ ಮೇಲೆ ಹಾಕುತ್ತಿದ್ದಳು. ಆ ತಟ್ಟುವ ಸದ್ದು, ಉಬ್ಬುವ ರೊಟ್ಟಿ ನೋಡಿ ನನಗೆ ಸ್ವಲ್ಪ ಜೀವ ಬಂತು. ಅಷ್ಟರಲ್ಲಿ ಗೋಡೆಯ ಗೂಡಿನಿಂದ ಒಂದು ತಲೆಬುರುಡೆ ನನ್ನನ್ನು ನೋಡಿ ಹಲ್ಲು ಕಿರಿಯಿತು. ಮಣ್ಣಿನದು, ಮೈತುಂಬ ಹೂವಿನ ಚಿತ್ರ, ಹಣೆಯ ಮೇಲೆ ಏನೋ ಬರಹ.

"ನಮ್ಮಪ್ಪನ ಹೆಸರು," ಎಂದು ಲೂಪೆ ಇಂಗ್ಲಿಷಿನಲ್ಲಿ ವಿವರಿಸಿದಳು. "ವರ್ಷಕ್ಕೊಂದು ದಿನ ಅವರಿಗೆ ಇಷ್ಟವಾದ ಅಡಿಗೆ ಮಾಡಿ ಇದರ ಮುಂದೆ ಇಡುತ್ತೇವೆ. ಆ ದಿನ ಅವರು ಬಂದು ಹೋಗುತ್ತಾರೆ."

"ನಮ್ಮಲ್ಲೂ ಪಿತೃಪಕ್ಷದಲ್ಲಿ ಎಡೆ ಇಡ್ತೀವಿ," ಎಂದಳು ಶಾಲಿನಿ. "ಇವರಪ್ಪನಿಗೆ ಹಾಗಲಕಾಯಿ ಗೊಜ್ಜು."

ಇಬ್ಬರೂ ಆ ಬುರುಡೆಯ ಮುಂದೆ ನೆಂಟರ ಮನೆಯ ಮದುವೆಯಲ್ಲಿ ಸಿಕ್ಕವರ ಹಾಗೆ ಮಾತಾಡುತ್ತ ನಿಂತರು. ನಾನು ಮಾತ್ರ ಅದಕ್ಕೆ ಬೆನ್ನು ಹಾಕದಂತೆ ಕುರ್ಚಿ ತಿರುಗಿಸಿಕೊಂಡು ಕೂತೆ.

ಊಟದಲ್ಲಿ ಮೊದಲು ಬಂದದ್ದು ಪಾಪಾಸುಕಳ್ಳಿಯ ಪಲ್ಯ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೆ, ಬೇಲಿಯನ್ನೇ ಮೇಯುವುದು ಅದೇ ಮೊದಲು. ಬೆಂಡೆಕಾಯಿಯ ಹಾಗೆ ಲೋಳೆ, ರುಚಿಯೇನೂ ಕೆಟ್ಟದಲ್ಲ. ಆಮೇಲೆ ಲೂಪೆ ತನ್ನ ಪಾಲಿಗೆಂದು ಒಂದು ಪುಟ್ಟ ಬಟ್ಟಲು ತಂದು ಮೇಜಿನ ಮೇಲಿಟ್ಟಳು. ಒಳಗೆ ಕೆಂಪಗೆ ಹುರಿದ ಮಿಡತೆಗಳು, ಕಾಲು ಸಮೇತ. ಅವಳು ಆ ಬಟ್ಟಲನ್ನು ತನ್ನ ಕಡೆ ಎಳೆದುಕೊಳ್ಳಲೆಂದೇ ಕೈ ಚಾಚಿದ್ದು, ನನಗೆ ಬಡಿಸಲಿಕ್ಕಲ್ಲ. ಆದರೆ ಹೆದರಿದವನಿಗೆ ಅಷ್ಟು ವಿವೇಚನೆ ಎಲ್ಲಿ? ನನ್ನ ಬಾಯಿ ಖಾಲಿ ಇದ್ದರೆ ತಾನೇ ಅಪಾಯ ಎಂದು, ಹತ್ತಿರದಲ್ಲಿದ್ದ ಕಿತ್ತಳೆ ಬಣ್ಣದ ಪುಟ್ಟ ಹಣ್ಣೊಂದನ್ನು ತೆಗೆದು ಇಡಿಯಾಗಿ ಬಾಯಿಗೆ ಹಾಕಿಕೊಂಡು ಅಗಿದೆ.

ಅದು ಹಣ್ಣಲ್ಲ. ಅವರ ದೇಶದ ಮೆಣಸಿನಕಾಯಿ.

ಬ್ಯಾಡಗಿಯೂ ಗುಂಟೂರೂ ತಿಂದು ಬೆಳೆದ ಈ ನಾಲಿಗೆ ಆ ಕ್ಷಣ ನನ್ನದಾಗಿ ಉಳಿಯಲಿಲ್ಲ. ಕಿವಿಯೊಳಗೆ ಹಡಗಿನ ಸೈರನ್ ಕೂಗಿತು. ಕಣ್ಣು, ಮೂಗು, ಎಲ್ಲ ಒಟ್ಟಿಗೆ ಸುರಿದವು. ಬಿಕ್ಕಳಿಕೆ ಶುರುವಾಯಿತು. ಮಸುಕಾದ ಕಣ್ಣಿಗೆ ಗೂಡಿನ ಬುರುಡೆ ಕಂಡು, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗವಿದೆ ಎಂಬುದೂ ಕಂಡಿತು. ಲೂಪೆ ಮೊಸರು ತಂದಳು. ಶಾಲಿನಿ ಬೆನ್ನು ನೀವುತ್ತ "ಸಾಯಲ್ಲ ರೀ, ಮೆಣಸಿನಕಾಯಿ ಅಷ್ಟೇ," ಎನ್ನುತ್ತಿದ್ದಳು. ಅವಳ ಕೈ ನಡುಗುತ್ತಿತ್ತು. ಗಾಬರಿಯೆಂದುಕೊಂಡೆ. ಆಮೇಲೆ ನೋಡಿದರೆ ನಗು ತಡೆಯಲಾರದೆ ನಡುಗುತ್ತಿದ್ದಳು.

ಮನೆಗೆ ಬಂದು ನಾನು ಸೋಫಾದ ಮೇಲೆ ಉರುಳಿಕೊಂಡೆ. ಅವಳು ಬಟ್ಟೆ ಒಣಗಿಸಲು ಬಾಲ್ಕನಿಗೆ ಹೋದಳು. ನೀಲಿ ನೋಟ್‌ಬುಕ್ ಕೈಗೆ ಸಿಕ್ಕಿತು. ಅಷ್ಟು ದಿನ ಅದನ್ನು ತೆರೆದೇ ಇರಲಿಲ್ಲ. ತೆರೆದರೆ ಹೋಗಬೇಕಾಗುತ್ತದೆ ಎಂಬ ಭಯ.

ಮೊದಲ ದಿನ: ಹಳೆಯ ಚೌಕ, ಗುಡಿಯ ಅವಶೇಷ, ಮ್ಯೂಸಿಯಂ. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ: "ಇವರಿಗೆ: ನೆಲಮಹಡಿ ರೂಮು, ಭೂಕಂಪ ಆದರೆ ಓಡಲು." ಎರಡನೇ ದಿನ: ಕರಕುಶಲದ ಮಾರುಕಟ್ಟೆ. "ಇವರಿಗೆ: ಬುರುಡೆ ಇಲ್ಲದ ಸಾಲು ಎಡಗಡೆ." ಊಟದ ಪುಟದಲ್ಲಿ: "ಇವರಿಗೆ: ಅನ್ನ, ಕಾಳು ಸಿಗುತ್ತದೆ. ಉಪ್ಪಿನಕಾಯಿ ಒಯ್ಯಬೇಕು." ಪುಟಪುಟಕ್ಕೂ ಹತ್ತಿರದ ಆಸ್ಪತ್ರೆ. ಪಿರಮಿಡ್ಡಿನ ದಿನಕ್ಕೆ: "ಇವರು ಕೆಳಗೆ ನೆರಳಲ್ಲಿ ಕೂರಬಹುದು. ಬೆಂಚು ಇದೆ." ಇಪ್ಪತ್ತೈದು ವರ್ಷ ನನ್ನ ಭಯಗಳನ್ನು ಇವಳು ಇಷ್ಟು ಜೋಪಾನವಾಗಿ ಕೂಡಿಟ್ಟಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ಒದ್ದೆಯಾದದ್ದು ಮೆಣಸಿನಕಾಯಿಯ ಶೇಷವೆಂದು ಹೇಳಿಕೊಂಡೆ.

ಅಲ್ಲಿಗೇ ಮುಚ್ಚಿಡಬೇಕಿತ್ತು. ಇನ್ನೊಂದು ಹಾಳೆ ತಿರುವಿದೆ. ಮೇಲೆ ಶೀರ್ಷಿಕೆ: "ಇವರು ಬರದಿದ್ದರೆ."

ಅದರಲ್ಲಿ ಆಸ್ಪತ್ರೆ ಇರಲಿಲ್ಲ. ಕಾಲುವೆಯಲ್ಲಿ ಹೂವಿನ ದೋಣಿ ಇತ್ತು. ಬೀದಿಯ ತಿಂಡಿ, ಲೂಪೆಯ ಅಕ್ಕನ ಮನೆಯಲ್ಲಿ ಮಡಕೆ ಮಾಡಲು ಕಲಿಯುವುದು, ಹತ್ತನೇ ಮಹಡಿಯಲ್ಲಿ ಕಿಟಕಿಯ ರೂಮು. ಪಿರಮಿಡ್ಡುಗಳ ಮೇಲೆ ಬೆಳಗಿನ ಹೊತ್ತು ಬಿಸಿಗಾಳಿಯ ಬೆಲೂನಿನಲ್ಲಿ ಹಾರಾಟ, ಅದರ ಪಕ್ಕ ಮೂರು ಆಶ್ಚರ್ಯಸೂಚಕ ಚಿಹ್ನೆ. ಗಣಿತದ ಟೀಚರ್ ಆಶ್ಚರ್ಯಸೂಚಕ ಬಳಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಭೂಕಂಪ, ಜ್ವಾಲಾಮುಖಿ, ಮಿಡತೆ ಎಲ್ಲ ಒಟ್ಟಾದರೂ ಕೊಡದ ಹೆದರಿಕೆಯನ್ನು ಆ ಒಂದು ಪುಟ ಕೊಟ್ಟಿತು. ನಾನಿಲ್ಲದೆ ಅವಳಿಗೆ ಏನಾದರೂ ಆದೀತು ಎಂದಲ್ಲ. ನಾನಿಲ್ಲದೆ ಅವಳಿಗೆ ಬಹಳ ಚೆನ್ನಾಗಿರುತ್ತದೆ ಎಂದು.

ಬಾಲ್ಕನಿಯ ಬಾಗಿಲಿಗೆ ಹೋಗಿ ನಿಂತೆ. "ಶಾಲೂ, ನಾನೂ ಬರ್ತೀನಿ."

ಕ್ಲಿಪ್ ಕಚ್ಚಿಕೊಂಡ ಬಾಯಿಂದಲೇ, "ಹೆದರಿಕೆ?" ಎಂದಳು.

"ಹೋಯ್ತು. ಆ ಮೆಣಸಿನಕಾಯಿ ತಿಂದ ಮೇಲೆ ಇನ್ನೇನು ಹೆದರಿಕೆ?"

ಅವಳು ಕ್ಲಿಪ್ ತೆಗೆದು ನನ್ನ ಮುಖ ನೋಡಿದಳು. ಪುಟ ನೋಡಿದ್ದೀರಾ ಎಂದು ಕೇಳಲಿಲ್ಲ. ಒಳಗೆ ಬಂದು ಪೆನ್ಸಿಲ್ ತೆಗೆದುಕೊಂಡು ಕೂತಳು. ನೆಲಮಹಡಿ ಹೊಡೆದುಹಾಕಿದಳು, ಬೆಂಚು ಹೊಡೆದುಹಾಕಿದಳು, ಆಸ್ಪತ್ರೆಗಳನ್ನೆಲ್ಲ ಒಂದೇ ಗೆರೆಯಲ್ಲಿ ಮುಗಿಸಿದಳು. ಆಮೇಲೆ ಮೂರನೇ ದಿನದ ಬೆಳಿಗ್ಗೆಗೆ ಬೆಲೂನು ಎಂದು ದಪ್ಪಕ್ಷರದಲ್ಲಿ ಬರೆದು, "ಇಬ್ಬರಿಗೆ" ಎಂದು ಸೇರಿಸಿದಳು. ಬಾಯಿ ತೆರೆಯಲು ಹೋದೆ. ಹೆದರಿಕೆ ಹೋಯಿತು ಎಂದು ಹೇಳಿ ಐದು ನಿಮಿಷವೂ ಆಗಿರಲಿಲ್ಲ.

ವೀಸಾ ಬಂದಿದೆ. ಮುಂದಿನ ಗುರುವಾರ ಪ್ರಯಾಣ. ನಿನ್ನೆ ಬೆಲೂನಿನವರು ಕಳಿಸಿದ ಅರ್ಜಿಯನ್ನು ಶಾಲಿನಿ ಲ್ಯಾಪ್‌ಟಾಪಿನಲ್ಲಿ ತುಂಬುತ್ತಿದ್ದಳು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬಲ್ಲಿ ಒಂದು ಕ್ಷಣವೂ ಯೋಚಿಸದೆ ನನ್ನ ಹೆಸರು ಹಾಕಿದಳು. ಎಂಥ ಹೆಮ್ಮೆಯಾಯಿತು! ಇಂಥ ಹೇಡಿಯನ್ನೂ ಆಪತ್ತಿಗೆ ಮೊದಲು ನೆನೆಯುವ ಹೆಂಡತಿ. ನನ್ನ ಅರ್ಜಿಯ ಅದೇ ಜಾಗದಲ್ಲಿ ನಾನೂ ಅವಳ ಹೆಸರನ್ನೇ ಬರೆದು ಕಳಿಸಿಬಿಟ್ಟೆ. ಆ ಆಪತ್ತಿನ ಹೊತ್ತಿಗೆ ನಾವಿಬ್ಬರೂ ಬೆಲೂನಿನ ಒಂದೇ ಬುಟ್ಟಿಯಲ್ಲಿ ಇರುತ್ತೇವೆ ಎಂದು ಹೊಳೆದದ್ದು ಇವತ್ತು ಬೆಳಿಗ್ಗೆ, ಹಲ್ಲುಜ್ಜುವಾಗ.