ನೀರುನಾಯಿಯ ಜಾಗದಲ್ಲಿ ರಣಹದ್ದು

ಅಳಿವಿನಂಚಿನ ಪ್ರಾಣಿಗಳ ಬೆಳ್ಳಿ ನಾಣ್ಯಗಳನ್ನು ಹೊರತರುವ ಕಂಪನಿಯ ಮುಖ್ಯ ವ್ಯವಸ್ಥಾಪಕರಿಗೆ, ಊರೆಲ್ಲ ಓದಲೆಂದು ಬರೆದದ್ದು

ಮಾನ್ಯರೇ,

ತಾವೂ, ತಮ್ಮ ಸಿಬ್ಬಂದಿಯೂ, ಹಗಲಿಡೀ ಬೆಳ್ಳಿಯನ್ನು ಗುದ್ದುವ ಆ ಅಚ್ಚಿನ ಯಂತ್ರವೂ ಕ್ಷೇಮವೆಂದು ನಂಬಿ, ಕನ್ನಡಕದ ಅಂಗಡಿಯವನಾದ ನಾನು ಈ ದೂರನ್ನು ಎರಡೂ ಕೈ ಜೋಡಿಸಿ ತಮ್ಮ ಮೇಜಿನ ಮೇಲಿಡುತ್ತಿದ್ದೇನೆ.

ನನ್ನ ಹೆಂಡತಿ ಇಪ್ಪತ್ತೇಳು ವರ್ಷ ಮೃಗಾಲಯದಲ್ಲಿ ನೀರುನಾಯಿಗಳನ್ನು ನೋಡಿಕೊಂಡವಳು. ಯಾವ ಸೋಪಿಗೂ ಜಗ್ಗದ ಮೀನಿನ ವಾಸನೆಯೊಂದಿಗೆ ನಾನು ಅಷ್ಟೂ ವರ್ಷ ಸಂಸಾರ ಮಾಡಿದ್ದೇನೆ. ಅವಳ ನಿವೃತ್ತಿಯ ದಿನಕ್ಕೆಂದು, ತಮ್ಮ ಜಾಹೀರಾತಿನಲ್ಲಿ ಹೊಟ್ಟೆಯ ಮೇಲೆ ಕಲ್ಲಿಟ್ಟುಕೊಂಡು ಆಡುತ್ತಿದ್ದ ನೀರುನಾಯಿಯನ್ನು ಕಂಡು ಮರುಳಾಗಿ, ಎಂಟು ನಾಣ್ಯಗಳ ಪೆಟ್ಟಿಗೆಯನ್ನು ಗುಟ್ಟಾಗಿ ತರಿಸಿದೆ. ಬೀಳ್ಕೊಡುಗೆಯ ಸಭೆಯಲ್ಲಿ ಎಲ್ಲರೆದುರು ಮುಚ್ಚಳ ತೆರೆದರೆ ಹುಲಿಯಿಂದ ಹಿಡಿದು ರಣಹದ್ದಿನವರೆಗೆ ಏಳೂ ಸರಿಯಾಗಿದ್ದವು. ಎಂಟನೆಯ ಗುಳಿಯಲ್ಲಿ ಮಾತ್ರ ನೀರುನಾಯಿಯ ಬದಲು ಇನ್ನೊಂದು ರಣಹದ್ದು ಕುಳಿತು ಪಕ್ಕದ ರಣಹದ್ದನ್ನೇ ದಿಟ್ಟಿಸುತ್ತಿತ್ತು. ನನ್ನವಳು ನಾಣ್ಯವನ್ನು ಮೇಲಕ್ಕೆತ್ತಿ ಹಿಡಿದು, "ನನ್ನ ಜಾಗಕ್ಕೆ ಯಾರು ಬರ್ತಾರೆ ಅಂತ ಕೇಳ್ತಿದ್ರಲ್ಲ, ನೋಡಿ, ಆಗಲೇ ಬಂದು ಕೂತಿದ್ದಾರೆ" ಎಂದಳು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ತಲೆ ನುಣ್ಣಗಿದ್ದ ಮೇಲಧಿಕಾರಿಯವರೊಬ್ಬರು ಮಾತ್ರ ಸದ್ದಿಲ್ಲದೆ ಟೋಪಿ ಹಾಕಿಕೊಂಡರು.

ಆದರೆ ಮಾನ್ಯರೇ, ಆ ನಗು ಮನೆಯವರೆಗೆ ಬರಲಿಲ್ಲ. ಮರುದಿನದಿಂದ ಅವಳು ಎಂದಿನಂತೆ ಐದಕ್ಕೇ ಎದ್ದು, ಹೋಗಬೇಕಾದ ಜಾಗವೇ ಇಲ್ಲವೆಂದು ನೆನಪಾಗಿ, ಅಡುಗೆಮನೆಯ ಕಿಟಕಿಯ ಬಳಿ ತಣ್ಣಗಾದ ಲೋಟ ಹಿಡಿದು ನಿಲ್ಲತೊಡಗಿದಳು. ಆ ಬೆಳ್ಳಿಯ ನೀರುನಾಯಿಯನ್ನಾದರೂ ತರಿಸಿಕೊಟ್ಟರೆ ಮುಖ ಅರಳೀತೆಂಬ ಆಸೆಯಿಂದ ನಾನು ತಮಗೆ ದೂರು ಬರೆದೆ. ತಾವು ವಿಷಾದ ಸೂಚಿಸಿ ಮತ್ತೊಂದು ರಣಹದ್ದನ್ನು ಕಳಿಸಿದಿರಿ. ಮತ್ತೆ ಬರೆದೆ, ತೀವ್ರ ವಿಷಾದ ಸೂಚಿಸಿ ಎರಡು ರಣಹದ್ದುಗಳನ್ನು ಕಳಿಸಿದಿರಿ. ಕಾಡಿನಲ್ಲಿ ಕ್ಷೀಣಿಸುತ್ತಿರುವ ಸಂತತಿಯೊಂದು ನಮ್ಮ ಮನೆಯ ಕಪಾಟಿನಲ್ಲಿ ಮೂರೇ ತಿಂಗಳಲ್ಲಿ ಎರಡರಿಂದ ಐದಕ್ಕೇರಿದ್ದು ಅರಣ್ಯ ಇಲಾಖೆಯಿಂದಲೂ ಆಗದ ಸಾಧನೆ ಎಂಬುದನ್ನು ನಾನು ತುಂಬುಹೃದಯದಿಂದ ಒಪ್ಪುತ್ತೇನೆ. ಕೊನೆಗೆ ತಮ್ಮಿಂದ ಬಂದ ಪತ್ರದಲ್ಲಿ, ಇದು ಅಳಿವಿನಂಚಿನ ಪ್ರಾಣಿಗಳ ಸರಣಿಯಾದ್ದರಿಂದ ನೀರುನಾಯಿ ಸಿಗದಿರುವುದು ಸಹಜ ಎಂದಿತ್ತು. ಸತ್ಯಕ್ಕೆ ಇಷ್ಟು ನಿಷ್ಠರಾದ ಕಂಪನಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಪತ್ರ ನನ್ನವಳ ಕೈಗೆ ಸಿಕ್ಕಿತು. ಓದಿದವಳೇ ಮಡಿಸಿಟ್ಟಿದ್ದ ಮೃಗಾಲಯದ ಖಾಕಿ ಅಂಗಿಯನ್ನು ತೊಟ್ಟು, "ಏಳ್ರೀ, ಚಪ್ಪಲಿ ಹಾಕ್ಕೊಳ್ಳಿ" ಎಂದಳು. ಎರಡು ಬಸ್ಸು ಬದಲಿಸಿ ನಾವು ತಮ್ಮ ಕಚೇರಿಗೆ ಬಂದೆವು. ತಾವು ಸಭೆಯಲ್ಲಿದ್ದಿರಂತೆ, ಅದು ತಮ್ಮ ಪುಣ್ಯ. ಅವಳು ಸೀದಾ ನಾಣ್ಯ ತುಂಬುವ ಕೋಣೆಗೆ ನುಗ್ಗಿದಳು. ಅಲ್ಲಿ ಹತ್ತಿಯ ಕೈಗವಸು ತೊಟ್ಟು ಪೆಟ್ಟಿಗೆಗಳಿಗೆ ನಾಣ್ಯ ತುಂಬುತ್ತಿದ್ದ ವಯಸ್ಸಾದವರೊಬ್ಬರು ಅವಳ ಮಾತನ್ನೆಲ್ಲ ಕೇಳಿ, ಮೂಲೆಯ ಡ್ರಾಯರ್ ಎಳೆದು ತೋರಿಸಿದರು. ಒಳಗೆ ನೀರುನಾಯಿಗಳ ರಾಶಿ!

"ಅಯ್ಯೋ ತಾಯಿ, ಇದು ಹೆಗ್ಗಣ ಅಲ್ವಾ? ಬೆಳ್ಳಿ ಮೇಲೆ ಹೆಗ್ಗಣ ಯಾರು ಹಾಕ್ತಾರೆ, ಅಚ್ಚು ತಪ್ಪಿದೆ ಅಂತ ಎತ್ತಿಟ್ಟಿದ್ದೆ. ಖಾಲಿ ಜಾಗಕ್ಕೆ ಮಾರಾಟವಾಗದ ಹದ್ದು ತುಂಬಿದೆ."

ಅವಳು ಬಯ್ಯುತ್ತಾಳೆಂದು ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವಳು ಒಂದು ಸ್ಟೂಲಿನ ಮೇಲೆ ಕುಳಿತು, ನಾಣ್ಯವೊಂದನ್ನು ಅಂಗೈಯಿಂದ ಅಂಗೈಗೆ ಉರುಳಿಸುತ್ತ, ನೀರುನಾಯಿ ಕಲ್ಲಾಡುವ ಬಗೆಯನ್ನು ಆ ಹಿರಿಯರಿಗೆ ತೋರಿಸುತ್ತಿದ್ದಳು. ಮರಿಯನ್ನು ಕರೆಯುವ ಸಿಳ್ಳೆಯನ್ನು ಅವಳು ಹಾಕಿದಾಗ ಕೋಣೆಯ ಹೆಣ್ಣುಮಕ್ಕಳೆಲ್ಲ ಕೆಲಸ ಬಿಟ್ಟು ಸುತ್ತ ನೆರೆದರು. ನಾಲ್ಕು ತಿಂಗಳಲ್ಲಿ ನಾನು ಕಾಣದಿದ್ದ ಮುಖ ಅದು.

ಇನ್ನು ನನ್ನ ನಿಜವಾದ ದೂರು. ಆ ಸಿಳ್ಳೆ ಕೇಳಿ ಸಭೆಯಿಂದ ಎದ್ದು ಬಂದ ತಾವು, ಪ್ರಾಣಿಗಳನ್ನು ಗುರುತಿಸಿ ಹೇಳಲು ವಾರಕ್ಕೆ ಮೂರು ದಿನ ಬರುವಂತೆ ಅವಳನ್ನು ಅಲ್ಲಿಯೇ ಕೆಲಸಕ್ಕೆ ಕರೆದಿರಿ. ನಾನು ಕೇಳಿದ್ದು ನೀರುನಾಯಿ. ತಾವು ಅದನ್ನು ಕೊಟ್ಟು ಹೆಂಡತಿಯನ್ನು ಇಟ್ಟುಕೊಂಡಿರಿ. ಅಂಗಡಿಯಿಂದ ಮಧ್ಯಾಹ್ನ ಮನೆಗೆ ಹೋಗಿ ಅವಳೊಂದಿಗೆ ಕೂತು ಉಣ್ಣುವ ಕನಸು ಮತ್ತೆ ನೀರಿಗೆ ಬಿತ್ತು. ಆದ್ದರಿಂದ ಮಾನ್ಯರೇ, ಒಂದೋ ಆ ಮೂರು ದಿನಗಳನ್ನು ಪಂಚಾಂಗದಿಂದಲೇ ತೆಗೆಸಿಕೊಡಿ, ಇಲ್ಲವೇ ತಮ್ಮ ಊಟದ ಕೋಣೆಯಲ್ಲಿ ಕನ್ನಡಕದವನೊಬ್ಬನಿಗೆ ಕುರ್ಚಿ ಹಾಕಿಸಿ. ಅದೂ ಆಗದಿದ್ದರೆ, ಅವಳಿಗೆ ಕೆಲಸ ತಪ್ಪದಂತೆ ಈಗಿನ ದಕ್ಷತೆಯಲ್ಲಿಯೇ ತಪ್ಪುಗಳನ್ನು ಮುಂದುವರಿಸಿಕೊಂಡು ಹೋಗಬೇಕೆಂದು ಬೇಡುವ,

ಒಬ್ಬನೇ ಉಣ್ಣುತ್ತಿದ್ದರೂ ತಮ್ಮ ವಿಶ್ವಾಸಿಯೇ ಆಗಿರುವ
ಕನ್ನಡಕದ ಅಂಗಡಿಯವ

ತಾ.ಕ.: ತಮ್ಮ ಮುಂದಿನ ಸರಣಿಯ ತಿಮಿಂಗಿಲದ ನಕ್ಷೆಯನ್ನು ಅವಳು ನಿನ್ನೆ ಮನೆಗೆ ತಂದಿದ್ದಳು. ಅದು ಬಾಲದಿಂದ ಕಾರಂಜಿ ಹಾರಿಸುತ್ತಿದೆ. ನಕ್ಷೆಗೆ ಒಪ್ಪಿಗೆಯ ಸಹಿ ತಮ್ಮದೇ ಎಂದು ಅವಳಿಗೆ ಗೊತ್ತಾಗಿದೆ. ಸೋಮವಾರ ಹತ್ತಕ್ಕೆ ತಮ್ಮ ಕೋಣೆಗೆ ಬರುತ್ತಾಳೆ. ಸಭೆಯಲ್ಲಿದ್ದೇನೆ ಎನ್ನುವ ಉಪಾಯವನ್ನು ನಾನೂ ಮನೆಯಲ್ಲಿ ಪ್ರಯೋಗಿಸಿ ನೋಡಿದ್ದೇನೆ, ನಡೆಯುವುದಿಲ್ಲ.