ಕಂಬಿಯಾಗಿ ಹೋದ ಕುರ್ಚಿ

ಕಬ್ಬಿಣ ಕರಗಿಸುವ ಜಾಗದಲ್ಲಿ ಗಾಂಭೀರ್ಯ ಉಳಿಸಿಕೊಳ್ಳುವುದು ಸುಲಭವಲ್ಲ. ಬಳ್ಳಾರಿಯ ಹೊರಗಿನ ಒಂದು ಉಕ್ಕಿನ ಕಾರ್ಖಾನೆಯ ದವಾಖಾನೆಗೆ ನಾನು ಮ್ಯಾಟ್ರನ್. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಕಲಿತವಳು. ‘ವಸ್ತು ತನ್ನ ಜಾಗದಲ್ಲಿ, ಮನುಷ್ಯ ತನ್ನ ಜಾಗದಲ್ಲಿ’ ಎಂಬುದು ಅಲ್ಲಿನ ಮೊದಲ ಪಾಠ. ಅದನ್ನು ನಾನು ಪಾಲಿಸುತ್ತೇನೆ, ಕಾರ್ಖಾನೆ ಪಾಲಿಸುವುದಿಲ್ಲ. ಹೀಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಜಪ್ತಿಯಾದ ಬದನೆಕಾಯಿ

ನಮ್ಮಲ್ಲಿ ಗುಜರಿ ಕಬ್ಬಿಣ ಕುಲುಮೆಯಲ್ಲಿ ಕರಗಿ ದಿಮ್ಮಿಯಾಗುತ್ತದೆ. ದಿಮ್ಮಿಯನ್ನು ಮತ್ತೆ ಕಾಯಿಸಿ ರೋಲರುಗಳ ನಡುವೆ ಎಳೆದರೆ ಮನೆ ಕಟ್ಟುವ ಕಂಬಿ. ಹೊರಬಂದ ಕಂಬಿಗಳು ಉದ್ದನೆಯ ಹಾಸಿನ ಮೇಲೆ ಸಾಲಾಗಿ ಮಲಗಿ ಆರುತ್ತವೆ. ಒಂದು ಮಧ್ಯಾಹ್ನ ಸುಟ್ಟಗಾಯದ ಮುಲಾಮು ಕೊಡಲು ಹೋದಾಗ ನೋಡುತ್ತೇನೆ, ತೆಕ್ಕಲಕೋಟೆಯ ಮೇಸ್ತ್ರಿ ಆ ಬಿಸಿ ಕಂಬಿಗಳ ಮೇಲೆ ಬದನೆಕಾಯಿ ಹೊರಳಿಸುತ್ತಿದ್ದಾನೆ!

“ಏನಿದು?”

“ಬಜ್ಜಿಗೆ ಸುಡಾಕ ಹತ್ತೀನ್ರಿ ಅಮ್ಮಾರ. ಮನ್ಯಾಗಿನ ಒಲಿಗೆ ಈ ರುಚಿ ಬರಂಗಿಲ್ಲ.”

“ಕೈ ತೊಳೆದಿದ್ದೀರಾ?”

ಅವನು ಮಸಿ ಬಳಿದಂತಿದ್ದ ಎರಡೂ ಕೈಗಳನ್ನು ನೋಡಿಕೊಂಡ. “ಕೈ ಇಲ್ರಿ. ಬದನಿಕಾಯಿ ತೊಳದೀನಿ.”

ಬದನೆಕಾಯಿಯನ್ನು ಜಪ್ತಿ ಮಾಡಿ ತಂದು, ಮ್ಯಾನೇಜರಿಗೆ ತೋರಿಸಲೆಂದು ಮೇಜಿನ ಮೇಲಿಟ್ಟೆ. ನನ್ನ ಡಬ್ಬಿಯಲ್ಲಿ ತಣ್ಣಗಿನ ಚಪಾತಿ ಇತ್ತು. ಮ್ಯಾನೇಜರು ಬರುವ ಹೊತ್ತಿಗೆ ಸಾಕ್ಷ್ಯದ ತೊಟ್ಟು ಮಾತ್ರ ಉಳಿದಿತ್ತು.

ಕುರ್ಚಿ ಹೋದದ್ದು

ನನ್ನ ಮೇಜಿನ ಎದುರು ಒಂದು ಬಿಳಿ ಕಬ್ಬಿಣದ ಕುರ್ಚಿ ಇತ್ತು. ಕಂಪೌಂಡರು ಅದರಲ್ಲಿ ಕೂತು ಮಧ್ಯಾಹ್ನದ ಊಟ ಮಾಡುತ್ತಿದ್ದರು. ಹೆಚ್ಚು ಮಾತಿಲ್ಲ, ಉಪ್ಪಿನಕಾಯಿ ಬಾಟಲಿಯನ್ನು ನನ್ನ ಕಡೆ ಸರಿಸುತ್ತಿದ್ದರು, ಅಷ್ಟೇ. ಅವರು ನಿವೃತ್ತರಾಗಿ ಕುರುಗೋಡಿಗೆ ಹೋದ ಮೇಲೆ ಬಾಟಲಿಯನ್ನು ನಾನೇ ಸರಿಸಿಕೊಳ್ಳುತ್ತೇನೆ. ಕೆಲಸಗಾರರು ಪಟ್ಟಿ ಕಟ್ಟಿಸಿಕೊಂಡು ಸ್ಟೂಲಿನಿಂದಲೇ ಎದ್ದು ಓಡುತ್ತಾರೆ. ನನ್ನೆದುರು ಕೂತು ಉಣ್ಣುವ ಧೈರ್ಯ ಯಾರಿಗೂ ಇಲ್ಲ. ಕರೆಯುವ ಅಭ್ಯಾಸ ನನಗೂ ಇಲ್ಲ.

ರಜೆ ಮುಗಿಸಿ ಬಂದ ದಿನ ನೋಡಿದರೆ ಕುರ್ಚಿ ಮಾಯ! ತುಕ್ಕು ಹಿಡಿದ ಮಂಚ ಒಯ್ಯಲು ಬಂದವರು ಅದನ್ನೂ ಒಯ್ದಿದ್ದರು. ಗುಜರಿ ಅಂಗಳಕ್ಕೆ ಹೋದೆ. ಕುರ್ಚಿಯ ಸುದ್ದಿ ಎತ್ತಿದ್ದೇ ಅಲ್ಲಿನ ಆಳುಗಳ ಮುಕಾದಮ ಗಾಬರಿಯಾದ.

“ಕುರ್ಚ್ಯಾಗ ಮುಚ್ಚಿದ ಡಬ್ಬಿ ಏನರ ಇತ್ತೇನ್ರಿ? ಕುಲುಮ್ಯಾಗ ಸಿಡೀತೈತಿ!”

“ಇರಲಿಲ್ಲ.”

“ಹಂಗಾದ್ರ ಚಿಂತಿ ಬಿಡ್ರಿ, ಚಲೋ ಕರಗೈತಿ.”

“ಕೇಳದೆ ಯಾಕೆ ಒಯ್ದಿರಿ?”

“ಯಾವಾಗ ನೋಡಿದ್ರೂ ಖಾಲಿ ಇರ್ತಿತ್ತಲ್ರಿ, ಬ್ಯಾಡಾಗೇತಿ ಅನಕೊಂಡ್ವಿ.”

“ಈಗ ಎಲ್ಲಿದೆ?” ಎಂದೆ.

“ಕಂಬಿ ಆಗಿ ನಿನ್ನೆ ಸಿರುಗುಪ್ಪದ ಲಾರಿ ಹತ್ತೇತ್ರಿ. ಕಲ್ಯಾಣಮಂಟಪ ಕಟ್ಟಾಕ ಹತ್ಯಾರಂತ. ಇಷ್ಟು ದಿನ ಒಂಟಿ ಇತ್ತು, ಇನ್ನ ಮ್ಯಾಲೆ ದಿನಾ ಮದುವಿ ಊಟದ ನಡುವ ಇರ್ತೈತಿ ನೋಡ್ರಿ!”

ಕುರ್ಚಿಗೂ ನನಗಿಂತ ಒಳ್ಳೆಯ ಸಹವಾಸ ಸಿಕ್ಕಿತು.

ಯಾರು ಕೂಡುತ್ತಾರೆ?

ಹೊಸ ಕುರ್ಚಿ ಕೇಳಲು ಸ್ಟೋರಿಗೆ ಹೋದೆ. ಸ್ಟೋರಿನ ಗುಮಾಸ್ತ ಬ್ರೂಸ್‌ಪೇಟೆಯ ವ್ಯಾಪಾರಿಯ ಮಗ. ಕೊಡುವುದು ಅವನ ರಕ್ತದಲ್ಲೇ ಇಲ್ಲ.

“ಪೇಶಂಟಿಗೆ ಸ್ಟೂಲ್ ಐತಿ. ಕುರ್ಚ್ಯಾಗ ಯಾರು ಕೂಡ್ತಾರ್ರಿ ಮೇಡಂ?”

“ಬಂದವರು.”

“ಯಾರು ಬರ್ತಾರ್ರಿ?”

ಸುತ್ತಲಿದ್ದ ನಾಲ್ಕು ಜನ ಕೆಲಸ ಬಿಟ್ಟು ನನ್ನ ಮುಖ ನೋಡಿದರು. ಅವರಲ್ಲಿ ಬದನೆಕಾಯಿಯ ಮೇಸ್ತ್ರಿಯೂ ಇದ್ದ. ನಾನು ಕನ್ನಡಕ ಸರಿಮಾಡಿಕೊಂಡು ಹೊರಟೆ. ಬಾಗಿಲಿನ ತನಕ ಬೆನ್ನು ನೇರವಾಗಿಯೇ ಇತ್ತು.

ಮುಂದಿನ ವಾರ ಗುಮಾಸ್ತನಿಗೇ ಜ್ವರ ಬಂತು. ಸ್ಟೂಲನ್ನು ತೊಳೆಯಲು ಕಳಿಸಿ, ನಿಲ್ಲಿಸಿಯೇ ಥರ್ಮಾಮೀಟರ್ ಇಟ್ಟೆ.

ಆನೆಯ ಪೀಠ

ಕೆಲವು ದಿನ ಕಳೆದು, ಊಟದ ಹೊತ್ತಿಗೆ ಹೊರಗೆ “ಹೈಸಾ! ಹೈಸಾ!” ಎಂಬ ಕೂಗು. ಮೇಸ್ತ್ರಿ ಮತ್ತು ಮೂವರು, ಮೈಯೆಲ್ಲ ಬೆವರು, ಒಂದು ಕುರ್ಚಿ ಹೊತ್ತು ತರುತ್ತಿದ್ದರು. ಸೇತುವೆಗೆ ಹಾಕುವ ದಪ್ಪನೆಯ ಕಂಬಿಯ ತುಂಡುಗಳಿಂದ ಬೆಸೆದದ್ದು! ಹೊಸ್ತಿಲು ದಾಟಿದ್ದೇ ತಡ, ದೊಪ್ಪೆಂದು ಇಳಿಸಿದರು. ಔಷಧಿ ಬಾಟಲಿಗಳೆಲ್ಲ ಗಲಗಲ ಎಂದವು.

“ಕುರ್ಚಿ ಮಾಡ್ರಪಾ ಅಂದ್ರ ಅಣೆಕಟ್ಟು ಕಟ್ಟೀರಿ,” ಎಂದು ಒಬ್ಬ ಸೊಂಟ ಹಿಡಿದುಕೊಂಡ.

“ಸುಮ್ನಿರಲೇ! ಆನಿ ಕುಂತರೂ ಅಲುಗಾಡಂಗಿಲ್ರಿ ಅಮ್ಮಾರ,” ಎಂದ ಮೇಸ್ತ್ರಿ.

“ಆನೆಗಳು ನನ್ನಲ್ಲಿಗೆ ಬರುವುದಿಲ್ಲ. ಕುರ್ಚಿ ಬಾಗಿಲಲ್ಲಿದೆ. ಮೇಜಿನ ಎದುರಿಗೆ ಸರಿಸಿ.”

“ಇನ್ನ ಸರಿಸಬೇಕಂದ್ರ ಕ್ರೇನ್ ಬೇಕ್ರಿ.”

ಉಳಿದ ಮೂವರು ಉಸಿರು ಹುಡುಕುತ್ತ ಹೊರಟುಹೋದರು. ಮೇಸ್ತ್ರಿ ಹೋಗಲಿಲ್ಲ. ಬಾಗಿಲ ಬಳಿಯ ಆ ಕುರ್ಚಿಯಲ್ಲಿ ಕೂತು ಡಬ್ಬಿ ಬಿಚ್ಚಿದ. ಒಳಗೆ ಎರಡು ಸುಟ್ಟ ಬದನೆಕಾಯಿ.

“ಒಂದು ನಿಮಗ ತಂದೀನ್ರಿ. ಜಪ್ತಿ ಮಾಡಾಕ ಅಲ್ಲಿಗೆ ಬರೋ ತ್ರಾಸು ಬ್ಯಾಡ.”

“ಕೈ?”

ಎರಡೂ ಕೈ ಎತ್ತಿ ತೋರಿಸಿದ. ಉಜ್ಜಿ ಉಜ್ಜಿ ಕೆಂಪಾಗಿದ್ದವು.

ಅಲ್ಲಿಂದ ನನ್ನ ಮೇಜು ಕೋಣೆಯ ಆ ತುದಿ. ಬದನೆಕಾಯಿ ಹಿಡಿದ ಅವನ ಕೈ ಎಷ್ಟು ಚಾಚಿದರೂ ಮುಟ್ಟುವಂತಿರಲಿಲ್ಲ. ‘ವಸ್ತು ತನ್ನ ಜಾಗದಲ್ಲಿ’ ಎಂದ ಸಿಸ್ಟರುಗಳನ್ನು ಒಮ್ಮೆ ನೆನೆದು, ಸೆರಗು ಸಿಕ್ಕಿಸಿಕೊಂಡೆ.

“ಮೇಜಿನ ಆ ಬದಿ ಹಿಡಿಯಿರಿ,” ಎಂದೆ.

ಈಗ ನಮ್ಮ ದವಾಖಾನೆಯ ಬಾಗಿಲು ಅರ್ಧವೇ ತೆರೆಯುತ್ತದೆ. ನಿನ್ನೆ ತಪಾಸಣೆಗೆ ಬಂದ ಮ್ಯಾನೇಜರು ಹೊಟ್ಟೆ ಒಳಗೆಳೆದುಕೊಂಡು, ಅಡ್ಡಡ್ಡ ತೂರಿ, ಮೇಸ್ತ್ರಿಯ ಡಬ್ಬಿಯನ್ನೂ ನನ್ನ ಉಪ್ಪಿನಕಾಯಿ ಬಾಟಲಿಯನ್ನೂ ದಾಟಿ ಒಳಗೆ ಬಂದರು.

“ಇದೇನು ಮ್ಯಾಟ್ರನ್, ನಿಮ್ಮಂಥ ಶಿಸ್ತಿನವರು ಮೇಜನ್ನು ಬಾಗಿಲಲ್ಲಿ ಇಟ್ಟಿದ್ದೀರಿ?”

“ಅದರ ಜಾಗದಲ್ಲೇ ಇದೆ ಸರ್,” ಎಂದೆ. “ಕುರ್ಚಿ ಇಲ್ಲಿದೆ.”